ಹಿಂಸೆಯ ಚಿತ್ರವೂ ಪಾಠಶಾಲೆಯ ವಿವೇಕವೂ

ಕೊಲ್ಹಾಪುರದ ಪೇಟೆಗಳಲ್ಲಿ, ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ, ಗಡಹಿಂಗ್ಲಜದ ಸುತ್ತಣ ಕನ್ನಡ ಹಳ್ಳಿಗಳಲ್ಲಿ ಬೆಳೆಯುತ್ತಿರುವ ಹದಿಹರೆಯದ ಮಕ್ಕಳು ಕನ್ನಡ, ಮರಾಠಿ, ಹಿಂದಿ, ತೆಲುಗು ಎಂಬ ಭೇದವನ್ನೆಣಿಸದೆ ಚಲಚ್ಚಿತ್ರಗಳನ್ನು ನೋಡುತ್ತಾರೆ. ಅವರು ಮೆಚ್ಚಿ ಮೆಚ್ಚಿ ನೋಡುವವುಗಳಲ್ಲಿ ಹಲವು ಇಂದು ಮಚ್ಚು, ಕೊಡಲಿ, ಬಂದೂಕುಗಳ ಆರ್ಭಟದಿಂದ ತುಂಬಿವೆ. ಇಂತಹ ಚಿತ್ರಗಳಿಗೆ ಪ್ರೌಢಶಾಲೆಯ ಪಠ್ಯಕ್ರಮದಲ್ಲಿ ಸ್ಥಾನವುಂಟೆ, ಉಂಟಾದರೆ ಅದು ಎಂತಹ ಸ್ಥಾನ ಎಂಬ ಪ್ರಶ್ನೆಯನ್ನೆತ್ತಿದೊಡನೆಯೇ, ಸರಸ್ವತಿಯ ಮಂದಿರದೊಳಗೆ ನೆತ್ತರ ಕಲೆ ಸಲ್ಲದೆಂದು ಕೆಲವರು ಬಾಗಿಲಿಕ್ಕಿಬಿಡುವರು. ಮಕ್ಕಳು ಹೇಗೂ ನೋಡಿಯೇ ನೋಡುವುದನ್ನು ಶಾಲೆಯೂ ತೋರಿಸಿದರೆ ಕೆಡುವುದೇನೆಂದು ಮತ್ತೆ ಕೆಲವರು ಹಗುರಾಗಿ ನುಡಿದುಬಿಡುವರು. ಈ ಎರಡು ಉತ್ತರಗಳೂ ಹಿರಿಯರನ್ನು ಅವರ ಹೊಣೆಯಿಂದ ಪಾರುಮಾಡುವ ಸುಲಭೋಪಾಯಗಳೆಂದೂ, ಮಕ್ಕಳ ಹಿತವನ್ನು ಇವೆರಡರಲ್ಲಿ ಯಾವುದೂ ಆಲೋಚಿಸಿಲ್ಲವೆಂದೂ ನನ್ನ ದೃಢವಾದ ಅಭಿಪ್ರಾಯ.

ಈ ವಿಚಾರಕ್ಕೆ ಕೊಲ್ಹಾಪುರಕ್ಕಿಂತ ಯುಕ್ತವಾದ ನೆಲ ದೊರೆಯುವುದು ಕಷ್ಟ. ಕುಶಲಕರ್ಮಿಗಳ ಮನೆತನದಲ್ಲಿ ಹುಟ್ಟಿ, ನಾಟಕದ ಪರದೆಗಳನ್ನು ಬರೆಯುತ್ತ ಬೆಳೆದು, ಬೇಕಾದ ಕ್ಯಾಮರಾವನ್ನು ಸಹ ಇದೇ ಊರಿನಲ್ಲಿ ತಮ್ಮ ಸಂಗಡಿಗರೊಡನೆ ಕಟ್ಟಿಕೊಂಡ ಬಾಬುರಾವ್ ಪೇಂಟರ್ ಅವರು ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಮೂಲಕ 1920ರಲ್ಲಿ ಹೊರತಂದ ಮೂಕಚಿತ್ರ ‘ಸೈರಂಧ್ರಿ’. ಭೀಮನು ಕೀಚಕನನ್ನು ವಧಿಸುವ ಪ್ರಸಂಗ ಅದರಲ್ಲಿ ಎಷ್ಟು ನೈಜವಾಗಿ, ಎಷ್ಟು ಉಗ್ರವಾಗಿ ಮೂಡಿತ್ತೆಂದರೆ, ಸೆನ್ಸಾರಿನ ಆಕ್ಷೇಪಕ್ಕೆ ಗುರಿಯಾಗಿ ಆ ದೃಶ್ಯವನ್ನೇ ತೆಗೆದುಹಾಕಬೇಕಾಯಿತು. ಅದೇ ಚಿತ್ರವನ್ನು ಕಂಡು ಮೆಚ್ಚಿದ ಲೋಕಮಾನ್ಯ ತಿಲಕರು ಬಾಬುರಾಯರಿಗೆ ‘ಸಿನೆಮಾ ಕೇಸರಿ’ ಎಂಬ ಬಿರುದನ್ನಿತ್ತರು. ಚಿತ್ರಕ್ಕೆ ಆಧಾರವಾದ ಖಾಡಿಲ್ಕರರ ‘ಕೀಚಕವಧ’ ನಾಟಕವಾದರೋ 1907ರಲ್ಲಿ ರಂಗವೇರಿ, ಕೀಚಕನ ವೇಷದಲ್ಲಿ ಪ್ರೇಕ್ಷಕರು ಲಾರ್ಡ್ ಕರ್ಜನ್ನನನ್ನೇ ಕಾಣತೊಡಗಿದುದರಿಂದ 1910ರಲ್ಲಿ ಆಂಗ್ಲ ಸರಕಾರದ ನಿಷೇಧಕ್ಕೆ ಒಳಗಾಗಿತ್ತು. ಒಂದೇ ವಧೆಯು ಒಬ್ಬರಿಗೆ ಅಬಲೆಯ ಮಾನರಕ್ಷಣೆಯಾಗಿಯೂ, ಇನ್ನೊಬ್ಬರಿಗೆ ರಾಷ್ಟ್ರದ ಕ್ರೋಧವಾಗಿಯೂ, ಮತ್ತೊಬ್ಬರಿಗೆ ರಾಜದ್ರೋಹವಾಗಿಯೂ ತೋರಿತೆಂದ ಮೇಲೆ, ತೆರೆಯ ಮೇಲಣ ಹಿಂಸೆಗೆ ಅರ್ಥವನ್ನು ತುಂಬುವವನು ನೋಡುಗನೆಂಬುದು ಸ್ಪಷ್ಟ. ಆ ನೋಡುಗನಿಗೆ ಶಿಕ್ಷಣ ಬೇಡವೆನ್ನುವುದು ಹೇಗೆ?

ಕನ್ನಡಿಗರಾದ ನಮಗಂತೂ ಈ ಊರಿನ ಋಣ ಇನ್ನೂ ದೊಡ್ಡದು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಚಿತ್ರಿತವಾದುದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ. ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತುವಾಗಿಯೂ, ತ್ರಿಪುರಾಂಬ ಅವರು ಸುಲೋಚನೆಯಾಗಿಯೂ, ಆರ್. ನಾಗೇಂದ್ರರಾಯರು ರಾವಣನಾಗಿಯೂ ಅಭಿನಯಿಸಿದ ಆ ಚಿತ್ರ ಇಂದು ನೋಡಲು ಉಳಿದಿಲ್ಲ. ಆದರೂ ಅದು ಆರಿಸಿಕೊಂಡ ಕಥೆ ಎಂತಹುದೆಂಬುದನ್ನು ನೆನೆಯಬೇಕು: ಲಂಕೆಯ ಮಹಾಯುದ್ಧದ ನಡುವೆ ಶತ್ರುಪಕ್ಷದ ಒಬ್ಬ ವೀರನು ಬಿದ್ದಾಗ ಅವನ ಮನೆಯೊಳಗೆ ಏನಾಯಿತು, ಅವನ ಹೆಂಡತಿ ಏನನ್ನನುಭವಿಸಿದಳು ಎಂಬುದೇ ಆ ಕಥೆಯ ಜೀವ. ಗೆದ್ದವರ ಜಯಘೋಷವನ್ನು ಬಿಟ್ಟು ಬಿದ್ದವನ ಮನೆಯ ಅಳಲನ್ನು ಹಿಡಿದು ನಮ್ಮ ವಾಕ್ಚಿತ್ರಪರಂಪರೆ ಆರಂಭವಾಯಿತೆಂಬುದು ನಾವು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ.

ಹಿಂಸೆಯೆಂಬ ಕಾರಣಕ್ಕಾಗಿಯೇ ಒಂದು ಕೃತಿಯನ್ನು ತರಗತಿಯಿಂದ ಹೊರಗಿಡುವುದಾದರೆ ನಮ್ಮ ಕಾವ್ಯಗಳಲ್ಲಿ ಉಳಿಯುವುದೆಷ್ಟು? ದುಶ್ಶಾಸನನ ಎದೆಯನ್ನು ಬಗೆದ ಭೀಮನ ಚಿತ್ರವನ್ನು ಪಂಪನೂ ಕುಮಾರವ್ಯಾಸನೂ ಬರೆದಿದ್ದಾರೆ. ಮುಧೋಳ ಸೀಮೆಯ ರನ್ನನ ‘ಗದಾಯುದ್ಧ’ದ ಭಾಗಗಳನ್ನು ಕನ್ನಡದ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತ ಬಂದಿದ್ದಾರೆ. ಆದರೆ ರನ್ನನು ಮಾಡಿದುದೇನು? ಹೆಣಗಳ ರಾಶಿಯ ನಡುವೆ ದುರ್ಯೋಧನನನ್ನು ಒಬ್ಬಂಟಿಯಾಗಿ ನಡೆಯಿಸಿ, ಸತ್ತ ಮಗನ ಮುಂದೆ, ಸತ್ತ ತಮ್ಮನ ಮುಂದೆ, ಸತ್ತ ಕರ್ಣನ ಮುಂದೆ, ಹಗೆಯ ಮಗನಾದ ಅಭಿಮನ್ಯುವಿನ ಮುಂದೆಯೂ ಅವನನ್ನು ನಿಲ್ಲಿಸಿದನು. ಯಾರ ಸೋಲನ್ನು ನಾವು ಹಾರೈಸುತ್ತಿದ್ದೆವೋ ಅವನ ದುಃಖದಲ್ಲಿ ನಮ್ಮನ್ನು ಪಾಲುಗೊಳ್ಳುವಂತೆ ಮಾಡಿದನು. ಆದುದರಿಂದ, ರಕ್ತ ಎಷ್ಟು ಹರಿಯಿತೆಂಬ ಲೆಕ್ಕದಿಂದ ಕೃತಿಯನ್ನು ತೂಗಲಾಗದು. ಪೆಟ್ಟುತಿಂದವನಿಗೆ ಅಲ್ಲಿ ಮುಖವಿದೆಯೆ, ಹೆಸರಿದೆಯೆ, ಅವನಿಗಾಗಿ ಅಳುವವರಿದ್ದಾರೆಯೆ, ಹೊಡೆದವನು ಅದಕ್ಕೆ ಬೆಲೆ ತೆರುತ್ತಾನೆಯೆ ಎಂದು ಕೇಳಿ ತೂಗಬೇಕು.

ಈ ಅಳತೆಗೋಲನ್ನು ನಮ್ಮ ಕಾಲದ ಎರಡು ಜನಪ್ರಿಯ ಚಿತ್ರಗಳಿಗೆ ಹಿಡಿದು ನೋಡೋಣ. 2018ರಲ್ಲಿಯೂ 2022ರಲ್ಲಿಯೂ ಬಂದ ‘ಕೆಜಿಎಫ್’ ಚಿತ್ರಗಳು ಕನ್ನಡ ಚಿತ್ರೋದ್ಯಮಕ್ಕೆ ಭಾರತದಾದ್ಯಂತ ಪ್ರೇಕ್ಷಕರನ್ನು ಗಳಿಸಿಕೊಟ್ಟವು. ಗಣಿಯ ಜೀತದಾಳುಗಳ ಬವಣೆಯನ್ನು ತೋರಿಸುವಲ್ಲಿ ಅವುಗಳಿಗೆ ನಿಜವಾದ ಶಕ್ತಿಯಿದೆ. ಆದರೆ ಎರಡನೆಯ ಭಾಗದಲ್ಲಿ ನಾಯಕನು ಪೊಲೀಸ್ ಠಾಣೆಯ ಮೇಲೆ ಮಷಿನ್‌ಗನ್ನಿನಿಂದ ಗುಂಡಿನ ಮಳೆಗರೆದು, ಕಾದು ಕೆಂಪಾದ ಅದರ ನಳಿಗೆಯಿಂದ ಸಿಗರೇಟು ಹೊತ್ತಿಸಿಕೊಳ್ಳುವ ದೃಶ್ಯದಲ್ಲಿ ಸಂಗೀತವೂ ಕ್ಯಾಮರಾವೂ ನಮ್ಮಿಂದ ಬೇಡುವುದು ಚಪ್ಪಾಳೆಯೊಂದನ್ನೇ. ಇನ್ನು ನಾಗರಾಜ ಮಂಜುಳೆಯವರು 2016ರಲ್ಲಿ ನಿರ್ದೇಶಿಸಿದ ಮರಾಠಿಯ ‘ಸೈರಾಟ್’ ಚಿತ್ರವನ್ನು ನೋಡಿರಿ. ಮರುವರ್ಷವೇ ‘ಮನಸು ಮಲ್ಲಿಗೆ’ ಎಂಬ ಹೆಸರಿನಿಂದ ಅದು ಕನ್ನಡಕ್ಕೂ ಬಂದಿತು. ಜಾತಿಯ ಮದದಿಂದ ನಡೆದ ಕೊಲೆಯನ್ನು ಅಲ್ಲಿ ನಾವು ನೇರವಾಗಿ ಕಾಣುವುದಿಲ್ಲ. ಏನೂ ಅರಿಯದ ಕೂಸೊಂದು ತಾಯಿತಂದೆಯರ ರಕ್ತದಲ್ಲಿ ಅದ್ದಿದ ಪುಟ್ಟ ಪಾದಗಳಿಂದ ಅಳುತ್ತ ಹೊರಗೆ ನಡೆಯುತ್ತದೆ, ಶಬ್ದವೆಲ್ಲ ನಿಂತುಹೋಗಿರುತ್ತದೆ. ಹಾಡುಗಳಿಗೆ ಕುಣಿದ ಹುಡುಗರು ಆ ಕೊನೆಯ ಮುಂದೆ ಏಕೆ ಮೂಕರಾದರೆಂಬುದನ್ನೂ, ಠಾಣೆಯ ದೃಶ್ಯದ ಮುಂದೆ ತಾವೇ ಏಕೆ ಸಿಳ್ಳೆ ಹಾಕಿದರೆಂಬುದನ್ನೂ ಒಂದೇ ತರಗತಿಯಲ್ಲಿ ಕುಳಿತು ವಿಚಾರಿಸಿದ ವಿದ್ಯಾರ್ಥಿಯು ಪೌರನೀತಿಯ ಹತ್ತು ಪಾಠಗಳಿಂದ ಪಡೆಯದ ವಿವೇಕವನ್ನು ಪಡೆದಾನು.

ಕಾವ್ಯದ ಓದಿಗೂ ಚಿತ್ರದ ನೋಟಕ್ಕೂ ಭೇದವಿದೆಯೆಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವಾದ ಆಕ್ಷೇಪವೇ. ಓದುಗನು ಕಾವ್ಯದ ರಣರಂಗವನ್ನು ತನ್ನ ಕಲ್ಪನೆ ತಾಳುವಷ್ಟೇ ಕಟ್ಟಿಕೊಳ್ಳುತ್ತಾನೆ. ಚಿತ್ರವು ಯೋಚಿಸಲು ಅವಕಾಶ ಕೊಡದೆ ಕಣ್ಣುಕಿವಿಗಳೆರಡನ್ನೂ ಒಮ್ಮೆಗೇ ಆಕ್ರಮಿಸುತ್ತದೆ. ಮನೆಯಲ್ಲಿಯೋ ಬೀದಿಯಲ್ಲಿಯೋ ಹೊಡೆತಬಡಿತಗಳನ್ನು ನಿಜವಾಗಿ ಕಂಡ ಮಗುವಿಗೆ ಅಂಥ ದೃಶ್ಯ ಹಳೆಯ ಗಾಯವನ್ನು ಕೆದಕಬಹುದು. ಆದುದರಿಂದಲೇ ಇಲ್ಲಿ ಎಲ್ಲೆಗಳು ಬೇಕು. 2023ರ ತಿದ್ದುಪಡಿಯ ಮೂಲಕ ಸಿನೆಮಾಟೋಗ್ರಾಫ್ ಕಾಯಿದೆಯು ಯು/ಎ ವರ್ಗವನ್ನು ಏಳು, ಹದಿಮೂರು, ಹದಿನಾರು ವರ್ಷಗಳೆಂಬ ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದೆ. ‘ಎ’ ಪ್ರಮಾಣಪತ್ರದ ಚಿತ್ರವನ್ನು ಹದಿನೆಂಟು ತುಂಬದವರಿಗೆ ತೋರಿಸುವುದಂತೂ ಕಾನೂನಿಗೆ ವಿರುದ್ಧ. ಶಾಲೆಯು ಈ ಗೆರೆಯನ್ನು ಒಂದಂಗುಲವೂ ದಾಟತಕ್ಕದ್ದಲ್ಲ. ಆದರೆ ಆ ಗೆರೆ ಮಗುವಿನ ಕೈಯಲ್ಲಿರುವ ಮೊಬೈಲನ್ನು ಕಾಯುವುದಿಲ್ಲವೆಂಬುದನ್ನೂ ನಾವು ಮರೆಯಲಾಗದು. ಹಗಲುಪಾಳಿಯಲ್ಲಿ ತಂದೆ, ರಾತ್ರಿಪಾಳಿಯಲ್ಲಿ ಅಣ್ಣ ಯಂತ್ರಮಗ್ಗದ ಮುಂದೆ ನಿಲ್ಲುವ ಇಚಲಕರಂಜಿಯ ನೇಕಾರರ ಮನೆಯಲ್ಲಿ, ಒಂಬತ್ತನೆಯ ತರಗತಿಯ ಹುಡುಗನು ಏನನ್ನು ನೋಡುತ್ತಾನೆಂದು ಪಕ್ಕದಲ್ಲಿ ಕುಳಿತು ವಿಚಾರಿಸುವ ಬಿಡುವು ಯಾರಿಗಿದೆ? ಮನೆಗೆ ಸಾಧ್ಯವಾಗದ ಆ ಸಾಂಗತ್ಯವನ್ನು ಒದಗಿಸಬಲ್ಲ ಸ್ಥಳ ಶಾಲೆಯೊಂದೇ.

ಹಾಗಾದರೆ ಮಾಡತಕ್ಕದ್ದೇನು? ಹಿಂಸಾಪ್ರಧಾನವಾದ ಜನಪ್ರಿಯ ಚಿತ್ರವನ್ನು ಪಠ್ಯಪುಸ್ತಕದ ಗೌರವಕ್ಕೇರಿಸಿ, ಇಡಿಯಾಗಿ ತೋರಿಸಿ, ಅದರ ಮೇಲೆ ಅಂಕಗಳ ಪರೀಕ್ಷೆ ನಡೆಸುವುದು ಸಲ್ಲದು. ಪಠ್ಯವೆಂದು ಸೇರಿಸಿದುದನ್ನು ಮಕ್ಕಳು ಆದರ್ಶವೆಂದೇ ತಿಳಿಯುವ ಸಂಭವವಿದೆ. ಅದರ ಬದಲಾಗಿ ಒಂಬತ್ತನೆಯ ತರಗತಿಯಿಂದ ಮೇಲೆ ಭಾಷೆಯ ಪಾಠಗಳೊಳಗೆ ಚಿತ್ರವೀಕ್ಷಣೆಯೆಂಬ ಒಂದು ಭಾಗವನ್ನು ತೆರೆಯಬೇಕು. ಹಿಂಸೆಗೆ ಬೆಲೆಯಿದೆಯೆಂದು ತೋರಿಸುವ ಚಿತ್ರಗಳನ್ನು ಅಲ್ಲಿ ಪೂರ್ತಿಯಾಗಿಯೂ, ಹಿಂಸೆಯನ್ನು ವೈಭವೀಕರಿಸುವ ಚಿತ್ರಗಳಿಂದ ಆಯ್ದ ಕಿರುದೃಶ್ಯಗಳನ್ನು ಪರೀಕ್ಷಣೆಗೆಂದೂ ಬಳಸಬೇಕು. ಪಾಲಕರಿಗೆ ಮುಂಚಿತವಾಗಿ ತಿಳಿಸಬೇಕು. ನೋಡಲೊಲ್ಲದ ಮಗುವಿಗೆ ಸಂಕೋಚವಿಲ್ಲದೆ ಎದ್ದುಹೋಗುವ ಸ್ವಾತಂತ್ರ್ಯವಿರಬೇಕು. ಫ್ರಾನ್ಸ್ ದೇಶವು 1989ರಿಂದ ‘ಕೊಲೆಜ್ ಓ ಸಿನೆಮಾ’ ಎಂಬ ಯೋಜನೆಯಡಿ ಶಾಲಾಮಕ್ಕಳನ್ನು ಚಿತ್ರಮಂದಿರಕ್ಕೆ ಕರೆದೊಯ್ದು, ಆರಿಸಿದ ಚಿತ್ರಗಳನ್ನು ತೋರಿಸಿ, ಬಳಿಕ ಶಿಕ್ಷಕರಿಂದ ಅವುಗಳ ಅಧ್ಯಯನ ಮಾಡಿಸುತ್ತಿದೆ. ಪುಣೆಯ ಬಾಲಭಾರತಿಯು ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗೂ ಪುಸ್ತಕಗಳನ್ನು ಸಿದ್ಧಪಡಿಸುವ ಸಂಸ್ಥೆ; ಮರಾಠಿಗೂ ಕನ್ನಡಕ್ಕೂ ಸಮಾನವಾಗಿ ಸಲ್ಲುವ ಇಂಥ ಪಾಠವನ್ನು ಅದು ರೂಪಿಸುವುದಾದರೆ ಅದರ ಮೊದಲ ಪ್ರಯೋಗ ಗಡಹಿಂಗ್ಲಜದಂತಹ ದ್ವಿಭಾಷಾ ಸೀಮೆಯಲ್ಲಿ ನಡೆಯಲಿ. ಎಲ್ಲಕ್ಕಿಂತ ಮೊದಲು ಶಿಕ್ಷಕರಿಗೆ ತರಬೇತು ದೊರೆಯಬೇಕು. ಯೋಗ್ಯನಾದ ಶಿಕ್ಷಕನಿಲ್ಲದಲ್ಲಿ ಪಾಠವನ್ನು ಆರಂಭಿಸದಿರುವುದೇ ಲೇಸು.

ಕುಸ್ತಿಗೆ ಹೆಸರಾದ ಕೊಲ್ಹಾಪುರದ ತಾಲೀಮುಗಳಲ್ಲಿ ವಸ್ತಾದನು ಹುಡುಗನಿಗೆ ಪಟ್ಟುಗಳನ್ನು ಕಲಿಸುವಾಗಲೇ ಯಾವ ಪಟ್ಟನ್ನು ಎಲ್ಲಿ ಹಾಕಬಾರದೆಂಬುದನ್ನೂ ಕಲಿಸುವಂತೆ, ಬಲದ ವಿಷಯವಾದ ವಿದ್ಯೆಯೆಲ್ಲ ಸಂಯಮದ ವಿದ್ಯೆಯೂ ಆಗಿರಬೇಕು. ಇದೇ ಊರಿನಲ್ಲಿ ಹುಟ್ಟಿ, ಬಾಬುರಾಯರ ಕೈಕೆಳಗೆ ಪಳಗಿ, 1929ರಲ್ಲಿ ಇಲ್ಲಿಯೇ ಗೆಳೆಯರೊಡನೆ ಪ್ರಭಾತ್ ಕಂಪನಿಯನ್ನು ಕಟ್ಟಿದ ವಿ. ಶಾಂತಾರಾಮರು 1957ರಲ್ಲಿ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರವನ್ನು ತೆಗೆದಾಗ, ಔಂಧ್ ಸಂಸ್ಥಾನದ ಸ್ವತಂತ್ರಪುರದ ಬಯಲು ಬಂದೀಖಾನೆಯಿಂದ ಸ್ಫೂರ್ತಿ ಪಡೆದು, ಕೊಲೆಮಾಡಿದ ಆರು ಮಂದಿ ಕೈದಿಗಳ ಕೈಗಳಿಗೆ ನೇಗಿಲನ್ನು ಕೊಟ್ಟರು. ಹಿಂಸೆಯನ್ನು ಮರೆಮಾಚದೆಯೂ ಅದನ್ನು ಮೆರೆಸದೆಯೂ ಜನ ಮೆಚ್ಚುವ ಚಿತ್ರವನ್ನು ಮಾಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಶಾಲೆಗಳ ಪಾಠ ಅಲ್ಲಿಂದಲೇ ಆರಂಭವಾಗಬಹುದು.

ಶಿಕ್ಷಣಾಧಿಕಾರಿಗಳಲ್ಲಿ, ಶಾಲೆಗಳ ಆಡಳಿತ ಮಂಡಳಿಗಳಲ್ಲಿ, ಪಾಲಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮಕ್ಕಳು ಏನನ್ನು ನೋಡುತ್ತಿದ್ದಾರೆಂದು ಗದರಿಸಿ ಕೇಳುವುದನ್ನು ಬಿಟ್ಟು, ಅವರ ಸಮೀಪ ಕುಳಿತು, ಬಿದ್ದವನು ಯಾರು, ಅವನಿಗಾಗಿ ಯಾರು ಅತ್ತರು ಎಂದು ಕೇಳುವ ಅಭ್ಯಾಸವನ್ನು ಈ ವರ್ಷದಿಂದಲೇ ಆರಂಭಿಸಿರಿ.