ಲಾಗ್ ಫೈಲ್ ದಪ್ಪ ಆಗಿದ್ದು ಯಾಕೆ?

ಯುಗಾದಿ ರಜೆಗೆ ಕುರಕುಂಟಾಕ್ಕೆ ಮಾಮಾನ ಮನೆಗೆ ಹೋಗಿದ್ದೆ. ಅಲ್ಲಿನ ಸಿಸಿಐ ಸಿಮೆಂಟ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು, ಆದ್ರೂ ಆ ರೋಡಲ್ಲಿ ಲಾರಿಗಳಿಗೇನು ಕಮ್ಮಿ ಇಲ್ಲ. ಪರ್ಸಿ ಕಲ್ಲು, ತೊಗರಿ, ಜಲ್ಲಿ, ಎಲ್ಲಾ ಮಾಮಾ ಕೆಲಸ ಮಾಡೋ ಕಾಟಾದ ಮೇಲೆ ಹತ್ತಿ ಇಳೀಬೇಕು. ಪ್ರತಿ ಲಾರಿಗೆ ಎರಡು ಫೋಟೋ, ಒಂದು ಚೀಟಿ. ಎಲ್ಲಾ ಒಂದೇ ಕಂಪ್ಯೂಟರ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ.

"ನೀ ಕಂಪ್ಯೂಟರೇ ಓದಲಿಕತ್ತೀದಿ ಅಲ್ಲ? ಇದು ಯಾಕ ಕೆಂಪ ತೋರಸ್ಲಿಕತ್ತದ ನೋಡು" ಅಂದ ಮಾಮಾ.

ಡಿಸ್ಕ್ ಹೆಚ್ಚುಕಮ್ಮಿ ತುಂಬಿತ್ತು. ಡೇಟಾ ಫೈಲ್ 2 ಜಿಬಿ, ಲಾಗ್ ಫೈಲ್ 38 ಜಿಬಿ! ಡಿಬಿಎಂಎಸ್ ಲ್ಯಾಬ್ ಇಂಟರ್ನಲ್ಸ್‌ನಲ್ಲಿ ನನಗೆ ಫುಲ್ ಮಾರ್ಕ್ಸ್. ಆದ್ರೆ ಆ ಕುರ್ಚಿ ಮೇಲೆ ಕೂತಾಗ ನನಗೆ ಹೊಳೆದಿದ್ದು ಒಂದೇ ಐಡಿಯಾ: ಸರ್ವಿಸ್ ನಿಲ್ಲಿಸಿ ಲಾಗ್ ಫೈಲ್ ಡಿಲೀಟ್ ಮಾಡೋದು. ಹೊರಗೆ ಆರು ಲಾರಿ ಸಾಲಾಗಿ ನಿಂತಿದ್ದವು, ಅದಕ್ಕೇ ಸರ್ವಿಸ್ ನಿಲ್ಲಿಸಲಿಲ್ಲ. ಪುಣ್ಯ.

ಲಾಗ್ ಅಂದ್ರೆ ಕಿರಾಣಿ ಅಂಗಡಿಯ ಕಚ್ಚಾ ಪುಸ್ತಕ ಇದ್ದ ಹಾಗೆ. ಪಕ್ಕಾ ಲೆಕ್ಕಕ್ಕೆ ಹೋಗೋ ಮುಂಚೆ ಪ್ರತಿ ಬದಲಾವಣೆನೂ ಅಲ್ಲಿ ಬೀಳುತ್ತೆ. ನಡುವೆ ಕರೆಂಟ್ ಹೋದ್ರೆ ಡೇಟಾಬೇಸ್ ಅದನ್ನ ನೋಡಿಯೇ ಸರಿಮಾಡ್ಕೊಳ್ಳೋದು. ಅದನ್ನೇ ಅಳಿಸಿಬಿಟ್ರೆ ಡೇಟಾಬೇಸ್ ಮತ್ತೆ ತೆರೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಮತ್ತೆ ಅದು ಅಷ್ಟು ದಪ್ಪ ಆಗಿದ್ದು ಯಾಕೆ? ಫುಲ್ ರಿಕವರಿ ಮಾಡೆಲ್‌ನಲ್ಲಿ ಒಮ್ಮೆ ಫುಲ್ ಬ್ಯಾಕಪ್ ತಗೊಂಡ್ರೆ, ಅಲ್ಲಿಂದ ಮುಂದೆ ಲಾಗ್ ಬ್ಯಾಕಪ್ ಆಗೋವರೆಗೂ ಹಳೇ ಲಾಗ್‌ನ ಜಾಗ ಖಾಲಿ ಆಗಲ್ಲ. ಸಾಫ್ಟ್‌ವೇರ್ ಕೂರಿಸಿದವರು ಮೊದಲ ದಿನ ಒಂದು ಬ್ಯಾಕಪ್ ತಗೊಂಡಿದ್ರು. ಆಮೇಲೆ ನಾಲ್ಕು ವರ್ಷ ಯಾರೂ ಏನೂ ತಗೊಂಡಿಲ್ಲ. ಅಂದ್ರೆ ನಾನು ಸೈಜ್ ಪ್ರಾಬ್ಲಂ ಅಂದುಕೊಂಡಿದ್ದು ಬ್ಯಾಕಪ್ ಪ್ರಾಬ್ಲಂ ಆಗಿತ್ತು.

ಮಾಮಾ ಚೀಟಿ ಕೊಡ್ತಾನೇ ಇದ್ದ, ನಾನು ಪಕ್ಕದಲ್ಲಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಮೊದಲು ಫುಲ್ ಬ್ಯಾಕಪ್, ಆಮೇಲೆ ಲಾಗ್ ಬ್ಯಾಕಪ್ ತಗೊಂಡೆ. ಡೇಟಾಬೇಸ್ ನಡೀತಿರುವಾಗಲೇ ಇದು ಆಗುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಆಮೇಲೆ ಲಾಗ್ ಫೈಲ್ ಶ್ರಿಂಕ್ ಮಾಡಿದೆ. ಒಂದಿಷ್ಟೂ ಇಳೀಲಿಲ್ಲ! ಸದ್ಯ ಬಳಕೆಯಲ್ಲಿರೋ ತುಂಡು ಫೈಲ್‌ನ ಬಾಲದಲ್ಲಿ ಕೂತಿದ್ರೆ ಹಾಗೇ ಆಗೋದಂತೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಲಾಗ್ ಬ್ಯಾಕಪ್ ತಗೊಂಡು ಮತ್ತೆ ಶ್ರಿಂಕ್ ಮಾಡಿದಾಗ ಇಳೀತು. ತೀರಾ ಚಿಕ್ಕದು ಮಾಡೋಕೂ ಹೋಗಬಾರದು, ಪದೇ ಪದೇ ಬೆಳೀತಾ ಕೂತ್ರೆ ಕಾಟಾದಲ್ಲಿ ಲಾರಿ ಕಾಯುತ್ತೆ. 1 ಜಿಬಿಗೆ ನಿಲ್ಲಿಸಿದೆ.

ರಾತ್ರಿ ಆ ಬ್ಯಾಕಪ್‌ನ ನನ್ನ ಲ್ಯಾಪ್‌ಟಾಪ್‌ನಲ್ಲಿ ರಿಸ್ಟೋರ್ ಮಾಡಿ, ಬೆಳಗಿನ ಚೀಟಿಗಳ ಜೊತೆ ತಾಳೆ ನೋಡಿದೆ. ಸಿಲ್ಲಿ ಅನ್ನಿಸಬಹುದು. ಆದ್ರೆ 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾ ಅಳಿಸಿದಾಗ ಏನಾಯ್ತು ಗೊತ್ತಾ? ದಿನಾ ಆಗ್ತಿದೆ ಅಂದುಕೊಂಡಿದ್ದ ಬ್ಯಾಕಪ್ ಆಗ್ತಾನೇ ಇರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್ ಸಿಕ್ಕಿತು.

ನಮ್ಮ ಲ್ಯಾಬ್‌ನಲ್ಲಿ ಐದು ಸಾಲಿನ ಎಂಪ್ಲಾಯಿ ಟೇಬಲ್ ಮೇಲೆ ಜಾಯಿನ್ ಬರೆದು ರೆಕಾರ್ಡ್ ಸಬ್ಮಿಟ್ ಮಾಡ್ತೀವಿ. ನಾರ್ಮಲೈಸೇಶನ್ ಬೇಡ ಅಂತ ನಾನು ಹೇಳ್ತಿಲ್ಲ. ಒಂದೇ ಒಂದು ಎಕ್ಸ್‌ಪೆರಿಮೆಂಟ್ ಸೇರಿಸಿ ಅಂತ ಸರ್‌ಗಳ ಹತ್ರ ಕೇಳೋಣ: ಒಬ್ಬ ಎಂಟ್ರಿ ಹಾಕ್ತಾನೇ ಇರಲಿ, ಇನ್ನೊಬ್ಬ ಬ್ಯಾಕಪ್ ತಗೊಳ್ಳಲಿ, ಲ್ಯಾಬ್ ಅಸಿಸ್ಟೆಂಟ್ ಬಂದು ಡೇಟಾಬೇಸ್ ಡ್ರಾಪ್ ಮಾಡಲಿ. ವಾಪಸ್ ತಂದವರಿಗೆ ಮಾರ್ಕ್ಸ್.

ಅಂದಹಾಗೆ ಮಾಮಾ ಈಗ ವಾರಕ್ಕೊಮ್ಮೆ ಬ್ಯಾಕಪ್ ತಗೋತಾನೆ. ಆದ್ರೆ ಆ ಹಾರ್ಡ್‌ಡಿಸ್ಕ್ ಅದೇ ಸಿಪಿಯು ಮೇಲೇ ಇಟ್ಟಿದ್ದಾನೆ, ಮನೆಗೆ ತಗೊಂಡು ಹೋಗು ಅಂತ ಎರಡು ಸಲ ಫೋನ್ ಮಾಡಿ ಆಯ್ತು.