ನಂಜು ಮೈಗೇರುವ ಮುನ್ನ

ಬದನೆಕಾಯಿ ನಂಜು, ಕುಂಬಳಕಾಯಿ ನಂಜು ಎಂಬ ಮಾತನ್ನು ನಮ್ಮ ಕಡೆಯ ಮನೆಗಳಲ್ಲಿ ಹಿರಿಯರು ಇಂದಿಗೂ ಹೇಳುತ್ತಾರೆ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡವರಿಗೂ ಹುಣ್ಣಾದವರಿಗೂ ಬಾಣಂತಿಗೂ ಮೊದಲು ಸಿಗುವುದು ಪಥ್ಯದ ಸೂಚನೆ. ನಂಜು ಎಂದರೆ ವಿಷ. ಗಾಯದ ವಿಷ ಮೈಗೆ ಏರಬಲ್ಲದು, ಏರಿದರೆ ಪ್ರಾಣಕ್ಕೆ ಕುತ್ತು ಎಂಬ ತಿಳಿವಳಿಕೆ ಆ ಒಂದು ಪದದಲ್ಲಿಯೇ ಅಡಗಿದೆ. ಆದರೆ ಕಾಲಕ್ರಮದಲ್ಲಿ ಆ ಎಚ್ಚರಿಕೆ ಅಡುಗೆಮನೆಗೆ ಮಾತ್ರ ಸೀಮಿತವಾಗಿ ಉಳಿಯಿತು. ತರಕಾರಿಯನ್ನು ಬಿಟ್ಟ ಮಾತ್ರಕ್ಕೆ ನಂಜು ನಿಲ್ಲುವುದಿಲ್ಲ. ಹೊತ್ತು ಮೀರದಂತೆ ಚಿಕಿತ್ಸೆ ದೊರೆತರೆ ಮಾತ್ರ ಅದನ್ನು ತಡೆಯಬಹುದು. ಇದನ್ನು ಸದ್ಭಕ್ತರೆಲ್ಲರೂ ಮನಗಾಣಬೇಕೆಂಬುದು ನಮ್ಮ ಆಶಯ.

ವೈದ್ಯರು ಇದನ್ನು ಸೆಪ್ಸಿಸ್ ಎನ್ನುತ್ತಾರೆ. ಸೋಂಕು ಬೇರೆ, ಸೆಪ್ಸಿಸ್ ಬೇರೆ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ಹದ ತಪ್ಪಿ, ತನ್ನ ಅಂಗಾಂಗಗಳನ್ನೇ ಪ್ರಾಣಾಪಾಯವಾಗುವಷ್ಟು ಹಾನಿಗೊಳಿಸುವ ಸ್ಥಿತಿ ಸೆಪ್ಸಿಸ್ ಎಂದು 2016ರಲ್ಲಿ ತಜ್ಞರು ವ್ಯಾಖ್ಯಾನಿಸಿದ್ದಾರೆ. ಹೊಲಕ್ಕೆ ನುಗ್ಗಿದ ದನವನ್ನು ಓಡಿಸಲು ಹೋದವರು ಪೈರನ್ನೆಲ್ಲ ತುಳಿದು ಹಾಳುಗೆಡವಿದಂತೆ ಇದು. ರೋಗಾಣುಗಳನ್ನು ಕಂಡ ದೇಹ ಅನೇಕ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಅವು ಮಿತಿಮೀರಿದಾಗ ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ, ಸೂಕ್ಷ್ಮ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕಾಲುವೆಯಲ್ಲಿ ನೀರಿನ ಮಟ್ಟ ಇಳಿದರೆ ಕೊನೆಯ ಗದ್ದೆ ಒಣಗುವುದನ್ನು ಭದ್ರಾ ಅಚ್ಚುಕಟ್ಟಿನ ರೈತರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹಾಗೆಯೇ ಮೂತ್ರಪಿಂಡ, ಶ್ವಾಸಕೋಶ, ಮಿದುಳು, ಯಕೃತ್ತುಗಳಿಗೆ ಪ್ರಾಣವಾಯು ಸಾಲದೆ ಅವು ಒಂದೊಂದಾಗಿ ಸೋಲುತ್ತವೆ.

ಕಡೂರಿನ ತೆಂಗಿನ ತೋಟಗಳಲ್ಲಿ, ತರೀಕೆರೆಯ ಅಡಿಕೆ ಮತ್ತು ಭತ್ತದ ಭೂಮಿಯಲ್ಲಿ, ಅಜ್ಜಂಪುರದ ಈರುಳ್ಳಿ ಹೊಲಗಳಲ್ಲಿ ಬರಿಗಾಲಿನ ದುಡಿಮೆ ಸಾಮಾನ್ಯ. ಅಡಿಕೆ ಸುಲಿಯುವ ಕತ್ತಿಯ ಗಾಯ, ಮುಳ್ಳಿನ ಗಾಯ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಇವೆಲ್ಲವೂ ನಂಜಿನ ಬಾಗಿಲುಗಳು. ಸಕ್ಕರೆ ಕಾಯಿಲೆಯವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದುವುದರಿಂದ ಹುಣ್ಣು ಕೊಳೆಯುವವರೆಗೂ ನೋವೇ ತಿಳಿಯದಿರಬಹುದು. ಗಾಯವಿಲ್ಲದೆಯೂ ಸೆಪ್ಸಿಸ್ ಬರುತ್ತದೆ: ನ್ಯುಮೋನಿಯಾ, ಮೂತ್ರದ ಸೋಂಕು, ಹೊಟ್ಟೆಯೊಳಗಿನ ಕೀವು, ಹೆರಿಗೆಯ ನಂತರದ ಸೋಂಕು ಇದಕ್ಕೆ ಮೂಲವಾಗುತ್ತವೆ. ಕೆಸರುಗದ್ದೆಯಲ್ಲಿ ತಗಲುವ ಇಲಿಜ್ವರ, ಪೊದೆ-ಹುಲ್ಲುಗಳಲ್ಲಿರುವ ನುಸಿ ಮರಿಗಳಿಂದ ಬರುವ ಸ್ಕ್ರಬ್ ಟೈಫಸ್ ಕೂಡ ಇದೇ ಹಾದಿ ಹಿಡಿಯಬಲ್ಲವು.

ಲಕ್ಷಣಗಳನ್ನು ಮನೆಯ ಪ್ರತಿಯೊಬ್ಬರೂ ನೆನಪಿಡಬೇಕು. ಜ್ವರ ಅಥವಾ ಗಾಯವಿರುವವರು ತಬ್ಬಿಬ್ಬಾಗಿ ಮಾತನಾಡುವುದು, ಮಂಪರಿಗೆ ಜಾರುವುದು, ಏದುಸಿರು ಬಿಡುವುದು, ಬಹಳ ಹೊತ್ತು ಮೂತ್ರವೇ ಆಗದಿರುವುದು, ಕೈಕಾಲು ತಣ್ಣಗಾಗಿ ಚರ್ಮ ಮಚ್ಚೆಮಚ್ಚೆಯಾಗಿ ಬಣ್ಣಗೆಡುವುದು, ಸಹಿಸಲಾಗದ ನೋವು, ವಿಪರೀತ ನಡುಕ ಇವು ಅಪಾಯದ ಸೂಚನೆಗಳು. ವೃದ್ಧರಲ್ಲಿ ಜ್ವರವೇ ಬಾರದೆ ಮೈ ತಣ್ಣಗಾಗಬಹುದು. ಅಜ್ಜ ಇದ್ದಕ್ಕಿದ್ದಂತೆ ಮನೆಯವರ ಗುರುತು ಮರೆತರೆ ಅದನ್ನು ಮುಪ್ಪಿನ ಮರೆವು ಎಂದು ತಳ್ಳಿಹಾಕಬಾರದು. ಹಸುಗೂಸು ಹಾಲು ಕುಡಿಯದೆ ಸುಸ್ತಾಗಿ ಮಲಗಿದರೆ ಅದೂ ಎಚ್ಚರಿಕೆಯ ಗಂಟೆಯೇ. ಬಾಣಂತಿಯ ಜ್ವರವನ್ನು ಶೀತವೆಂದು ಬಗೆಯಲೇಬಾರದು.

2017ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಸೆಪ್ಸಿಸ್ ಪ್ರಕರಣಗಳು ಉಂಟಾಗಿ, 1 ಕೋಟಿ 10 ಲಕ್ಷ ಜನ ಅಸುನೀಗಿದರೆಂಬುದು ತಜ್ಞರ ಅಂದಾಜು. ಅಂದರೆ ಐದು ಸಾವುಗಳಲ್ಲಿ ಸರಿಸುಮಾರು ಒಂದು. ಅದೇ ವರ್ಷ ವಿಶ್ವ ಆರೋಗ್ಯ ಸಭೆಯು ಸೆಪ್ಸಿಸ್ ನಿವಾರಣೆಯನ್ನು ಎಲ್ಲ ರಾಷ್ಟ್ರಗಳ ಹೊಣೆಯೆಂದು ನಿರ್ಣಯ ಕೈಗೊಂಡಿತು. ಇವುಗಳಲ್ಲಿ ಎಷ್ಟೋ ಸಾವುಗಳನ್ನು ತಪ್ಪಿಸಲು ಸಾಧ್ಯವಿದೆ. ರಕ್ತದೊತ್ತಡ ಕುಸಿದ ರೋಗಿಗೆ ಒಂದು ಗಂಟೆಯೊಳಗೆ ಸರಿಯಾದ ಪ್ರತಿಜೈವಿಕ ಔಷಧ ದೊರೆಯಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಆ ಗಂಟೆ ಕಳೆಯುವುದು ಹೇಗೆ? "ಬೆಳಗಾಗಲಿ, ನೋಡೋಣ" ಎಂಬ ಮಾತಿನಲ್ಲಿ. ಔಷಧಿ ಅಂಗಡಿಯಿಂದ ತಂದ ಎರಡು ಮಾತ್ರೆಗಳಲ್ಲಿ. ಗಾಯಕ್ಕೆ ಮೆತ್ತಿದ ಸಗಣಿ, ತಂಬಾಕುಗಳಲ್ಲಿ. ಕೊಯ್ಲು ಮುಗಿಯಲಿ ಎಂಬ ಮುಂದೂಡಿಕೆಯಲ್ಲಿ. ಕಾಯಕನಿಷ್ಠೆ ದೊಡ್ಡದು. ಆದರೆ ಕಾಯಕಕ್ಕೆ ಆಧಾರವಾದ ಕಾಯವನ್ನು ಕಾಯ್ದುಕೊಳ್ಳುವುದೂ ಆ ನಿಷ್ಠೆಯ ಭಾಗವೇ ಎಂದು ನಾವು ಭಾವಿಸುತ್ತೇವೆ.

ಹೊಣೆ ಮನೆಯವರದಷ್ಟೇ ಅಲ್ಲ. ತರೀಕೆರೆಯಿಂದ ಶಿವಮೊಗ್ಗಕ್ಕೆ, ಕಡೂರಿನಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರು. ಅಜ್ಜಂಪುರದ ಹಳ್ಳಿಗಳಿಗೆ ದಾರಿ ಇನ್ನೂ ದೂರ. ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಅನಿವಾರ್ಯವಾಗಬಹುದು. ಆದರೆ ಮೊದಲ ಚುಚ್ಚುಮದ್ದು, ರಕ್ತನಾಳಕ್ಕೆ ದ್ರವ, ಆಮ್ಲಜನಕ ಇಷ್ಟನ್ನಾದರೂ ನಡುರಾತ್ರಿಯಲ್ಲೂ ತಾಲ್ಲೂಕು ಕೇಂದ್ರದಲ್ಲಿಯೇ ಕೊಟ್ಟು, ಕೊಟ್ಟದ್ದನ್ನು ಚೀಟಿಯಲ್ಲಿ ಬರೆದು ಕಳುಹಿಸುವ ವ್ಯವಸ್ಥೆ ಮೂರೂ ತಾಲ್ಲೂಕುಗಳಲ್ಲಿ ದೃಢವಾಗಿರಬೇಕು. ಜನಪ್ರತಿನಿಧಿಗಳ ಬಳಿ ರಸ್ತೆ, ಸಮುದಾಯ ಭವನ ಕೇಳುವಂತೆ ಇದನ್ನೂ ಕೇಳಬೇಕು. ಸಕ್ಕರೆ ಕಾಯಿಲೆಯವರು ಪ್ರತಿ ರಾತ್ರಿ ಪಾದ ನೋಡಿಕೊಳ್ಳಲಿ. ಹೊಲಕ್ಕೆ ಹೋಗುವವರು ಚಪ್ಪಲಿ ಅಥವಾ ಗಂಬೂಟು ಧರಿಸಲಿ. ಗಾಯವನ್ನು ಸೋಪು-ನೀರಿನಿಂದ ತೊಳೆಯಲಿ. ಅಪಾಯದ ಲಕ್ಷಣ ಕಂಡ ಕೂಡಲೆ 108ಕ್ಕೆ ಕರೆ ಮಾಡಲಿ. ಆಂಬ್ಯುಲೆನ್ಸ್ ತಡವಾದರೆ ರಾತ್ರಿ ಯಾರ ವಾಹನ ಹೊರಡಬೇಕೆಂಬುದನ್ನು ಪ್ರತಿ ಊರಿನವರು ಮೊದಲೇ ನಿಶ್ಚಯಿಸಿಕೊಂಡಿರಲಿ.

ಬದುಕಿ ಬಂದವರಿಗೆ ತಿಂಗಳುಗಟ್ಟಲೆ ನಿಶ್ಶಕ್ತಿ, ಮರೆವು, ನಿದ್ರಾಹೀನತೆ ಕಾಡಬಹುದು. ಅದನ್ನು ಸೋಮಾರಿತನವೆಂದು ಜರೆಯದೆ, ಪಥ್ಯದ ಹೆಸರಿನಲ್ಲಿ ಊಟ ಕಡಿತಗೊಳಿಸದೆ, ಬೇಳೆ, ಹಾಲು, ಸೊಪ್ಪು, ತರಕಾರಿಗಳನ್ನು ವೈದ್ಯರ ಸಲಹೆಯಂತೆ ಧಾರಾಳವಾಗಿ ಕೊಡಿರಿ. ಇನ್ನು ಮುಂದೆ ಮನೆಯಲ್ಲಿ ಯಾರಿಗಾದರೂ ಜ್ವರವೋ ಗಾಯವೋ ಉಲ್ಬಣಿಸಿದರೆ, ಏನು ತಿನ್ನಬಾರದು ಎಂದು ಕೇಳುವ ಮೊದಲು "ಇದು ಸೆಪ್ಸಿಸ್ ಇರಬಹುದೇ?" ಎಂದು ವೈದ್ಯರನ್ನು ಕೇಳಿರಿ.