ಜರ್ನಲ್ ತುಂಬಿದರೆ ಸಾಲದು, ಕೈ ಪಳಗಬೇಕು

ಚಿನ್ನ ಎಂದಾಕ್ಷಣ ಗದಗ ಜಿಲ್ಲೆಯವರಾದ ನಮಗೆ ನೆನಪಾಗುವುದು ಕಪ್ಪತಗುಡ್ಡ. ವಿಜ್ಞಾನ ಓದುವವರು ತಿಳಿಯಬೇಕಾದ ಇನ್ನೊಂದು ಚಿನ್ನದ ಕಥೆ ಬೆಂಗಳೂರಿನಲ್ಲಿದೆ. 1996ರಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು ಇಂಗಾಲದ ನ್ಯಾನೊ ನಳಿಕೆಗಳ ಮೇಲೆ ಚಿನ್ನ, ಬೆಳ್ಳಿ, ಪ್ಲಾಟಿನಂನ ಅತಿಸೂಕ್ಷ್ಮ ಕಣಗಳನ್ನು ಕೂರಿಸಿದ ಬಗೆಯನ್ನು ಪ್ರಕಟಿಸಿದರು. ಜಪಾನಿನ ಸುಮಿಯೊ ಇಜಿಮಾ ಈ ನಳಿಕೆಗಳನ್ನು ಜಗತ್ತಿನ ಗಮನಕ್ಕೆ ತಂದು ಆಗ ಐದೇ ವರ್ಷವಾಗಿತ್ತು.

ಇದರಿಂದ ಏನು ಲಾಭ? 1 ಸೆಂ.ಮೀ. ಅಂಚಿನ ಲೋಹದ ಘನಕ್ಕೆ 6 ಚದರ ಸೆಂ.ಮೀ. ಮೇಲ್ಮೈ ಇರುತ್ತದೆ. ಅದನ್ನೇ 10 ನ್ಯಾನೊಮೀಟರ್ ಅಂಚಿನ ತುಣುಕುಗಳಾಗಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್, ಅಂದರೆ 30×40 ಅಡಿಯ ಐದು ಸೈಟುಗಳಿಗಿಂತ ಹೆಚ್ಚು! ವೇಗವರ್ಧಕದ ಕೆಲಸ ನಡೆಯುವುದು ಮೇಲ್ಮೈಯಲ್ಲಿ. ಹಾಗಾಗಿ ದುಬಾರಿ ಪ್ಲಾಟಿನಂ ಸ್ವಲ್ಪವೇ ಸಾಕು. ಆದರೆ ಇಂಥ ಕಣಗಳನ್ನು ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಅವುಗಳನ್ನು ಬಿಡಿಬಿಡಿಯಾಗಿ ಹಿಡಿದಿಡಲು ನಳಿಕೆಯ ಆಸರೆ ಬೇಕು. ಇಂಧನ ಕೋಶ, ಹೈಡ್ರೋಜನ್ ಸೋರಿಕೆ ಪತ್ತೆಹಚ್ಚುವ ಸಂವೇದಕಗಳಿಗಾಗಿ ಈ ದಾರಿಯಲ್ಲಿ ಸಂಶೋಧನೆ ನಡೆದಿದೆ.

ನುಣುಪಾದ ಕಾಂಕ್ರೀಟ್ ಕಂಬಕ್ಕೆ ಗಿಲಾವ್ ನಿಲ್ಲುವುದಿಲ್ಲ; ಗೌಂಡಿ ಮೊದಲು ಕಚ್ಚು ಹಾಕುತ್ತಾನೆ. ನಳಿಕೆಯ ಮೈಯೂ ಹಾಗೆಯೇ ನುಣುಪು. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಿದಾಗ ಮೇಲ್ಮೈಯಲ್ಲಿ ಕಾರ್ಬಾಕ್ಸಿಲ್‌ನಂಥ ಆಮ್ಲೀಯ ಗುಂಪುಗಳು ಹುಟ್ಟುತ್ತವೆ. ಅವೇ ಲೋಹದ ಅಯಾನುಗಳಿಗೆ ಹಿಡಿಕೆ. ಆಮೇಲೆ ಅಯಾನುಗಳನ್ನು ಅಪಕರ್ಷಿಸಿದರೆ ಅಲ್ಲೇ ಲೋಹದ ಕಣ ಮೂಡುತ್ತದೆ. ಆಮ್ಲದ ಹೊಡೆತ ಅತಿಯಾದರೆ ನಳಿಕೆಯೇ ಹಾಳಾಗಿ ವಿದ್ಯುತ್ ಸರಿಯಾಗಿ ಹರಿಯದು. ಹದ ತಿಳಿಯುವುದು ಪ್ರಯೋಗ ಮಾಡಿದ ಕೈಗೆ ಮಾತ್ರ.

ನಾನು ಹೇಳಹೊರಟಿರುವುದೂ ಇದನ್ನೇ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಓದುವ ಎಷ್ಟೋ ಮಂದಿ ಬಿ.ಎಸ್ಸಿ. ಸೇರುತ್ತಲೇ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಯ ಪುಸ್ತಕ ಹಿಡಿಯುತ್ತಾರೆ. ಮನೆಯ ಕಷ್ಟ ಬಲ್ಲವರು ಅದನ್ನು ತಪ್ಪೆನ್ನಲಾರರು. ಆದರೆ ಪ್ರಾಯೋಗಿಕ ತರಗತಿ ಎಂದರೆ ಸೀನಿಯರ್‌ಗಳ ಜರ್ನಲ್ ನೋಡಿ ರೀಡಿಂಗ್ ಬರೆಯುವುದು ಎಂದಾದರೆ, ಮೂರು ವರ್ಷದ ಪದವಿಯಲ್ಲಿ ಉಳಿಯುವುದು ಕಾಗದ ಮಾತ್ರ.

ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ನಮ್ಮೂರಿನ ಕಾಲೇಜಿಗೆ ಬರಲಿಕ್ಕಿಲ್ಲ. ಆದರೆ ತೂಗುವುದು, ದ್ರಾವಣ ತಯಾರಿಸುವುದು, ಸೋಸುವುದು, ಆಮ್ಲ ಹೋಗುವವರೆಗೆ ತೊಳೆಯುವುದು, ಬಂದ ಫಲಿತಾಂಶವನ್ನು ಬಂದಂತೆ ಬರೆಯುವುದು ಇಲ್ಲಿಯೇ ಕಲಿಯಬಹುದಾದ ವಿದ್ಯೆ. ಔಷಧ ಕಂಪನಿಯ ಗುಣಮಟ್ಟ ವಿಭಾಗಕ್ಕೂ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೂ ಬೇಕಾದದ್ದು ಇದೇ ಪಳಗಿದ ಕೈ.

ಆದ್ದರಿಂದ ಗೆಳೆಯರೇ, ಪ್ರಾಯೋಗಿಕ ತರಗತಿ ರದ್ದಾದರೆ ಖುಷಿಪಡುವ ಬದಲು, ಬದಲಿ ತರಗತಿ ಯಾವಾಗ ಸರ್ ಎಂದು ಕೇಳೋಣ. ಕಾಲೇಜುಗಳೂ ರಾಸಾಯನಿಕ, ಗಾಜಿನ ಸಾಮಾನಿನ ಖರ್ಚನ್ನು ಕೊನೆಯ ಸಾಲಿಗೆ ತಳ್ಳದಿರಲಿ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಹಾಗೂ ದೇಶದ ವಿಜ್ಞಾನ ಅಕಾಡೆಮಿಗಳು ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿವೆ. ನಮ್ಮ ನೋಟಿಸ್ ಬೋರ್ಡಿನಲ್ಲಿ ನೇಮಕಾತಿ ಪ್ರಕಟಣೆಗಳ ಪಕ್ಕ ಅವಕ್ಕೂ ಒಂದಿಷ್ಟು ಜಾಗ ಸಿಗಲಿ.